ಬಾಲಯೇಸುವಿನ ಕುಲಾವಿ

ಈ ಸಲ ಬಾಲಯೇಸುವಿಗೆ ಕುಲಾವಿ ಹೊಲಿಯುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ “ಯಾಕೆ ಲೂರ್ದಮ್ಮ, ಕಣ್ಣು ಕಾಣಂಗಿಲ್ಲೇನು?” ಎನ್ನುತ್ತಿದ್ದರು. ನಮ್ಮ ಚನ್ನಗಿರಿಯಲ್ಲಿ ವಯಸ್ಸಾದ ಹೆಂಗಸು ಏನನ್ನಾದರೂ ಮಾಡುವುದು ಬಿಟ್ಟಳೆಂದರೆ ಒಂದೋ ಕಣ್ಣು ಹೋಗಿರಬೇಕು, ಇಲ್ಲ ಮಂಡಿ ಹೋಗಿರಬೇಕು. ಮನಸ್ಸು ಮುರಿದಿರಬಹುದು ಎಂದು ಒಬ್ಬರಿಗೂ ಹೊಳೆಯುವುದಿಲ್ಲ.

ನನ್ನ ಹೆಸರು ಲೂರ್ದು ಮೇರಿ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹೊಲಿಗೆ ಮಿಷನ್ ತುಳಿದು ಬದುಕಿದವಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರ ರವಿಕೆಯನ್ನು ಒಂದು ವಾರ ತಡವಾಗಿ ಕೊಡುವುದು ನನ್ನ ಪದ್ಧತಿ. ಓಣಿಯಲ್ಲಿ ಕ್ರೈಸ್ತರ ಮನೆ ನನ್ನದೊಂದೇ. ಆದರೂ ಡಿಸೆಂಬರ್ ಬಂತೆಂದರೆ ಎಲ್ಲರ ಮೂಗೂ ನನ್ನ ಅಡುಗೆಮನೆಯ ಕಡೆಗೇ ತಿರುಗಿರುತ್ತದೆ. ಕರ್ಜಿಕಾಯಿ, ಚಕ್ಕುಲಿ, ಕಾದ ಎಣ್ಣೆಗೆ ಅಚ್ಚು ಅದ್ದಿ ತೆಗೆಯುವ ಗುಲಾಬಿ ಹೂವು, ಕುಕ್ಕರಿನ ತಳಕ್ಕೆ ಮರಳು ಹಾಕಿ ಬೇಯಿಸುವ ಕೇಕು, ಎಲ್ಲ ನನ್ನ ಕೈಯಿಂದಲೇ ಆಗಬೇಕು. ಕೇಕಿಗೆ ಮೊಟ್ಟೆ ಹಾಕುವುದನ್ನು ಎಂದೋ ಬಿಟ್ಟಿದ್ದೇನೆ. ಆದರೂ ಅಡಿಕೆ ಮಂಡಿಯ ಬಸವರಾಜಪ್ಪನವರು ಪ್ರತಿ ವರ್ಷ ತುಂಡನ್ನು ಕೈಯಲ್ಲಿ ಹಿಡಿದು “ಮೊಟ್ಟೆ ಹಾಕಿಲ್ಲ ತಾನೇ?” ಎಂದು ಕೇಳುತ್ತಾರೆ. ಅಷ್ಟರಲ್ಲಿ ಅವರ ಬಾಯಲ್ಲಿ ಅರ್ಧ ತುಂಡು ಇರುತ್ತದೆ.

ಅಂಗಡಿಯಿಂದ ತರುವ ಮಿಣಮಿಣ ನಕ್ಷತ್ರ ನನಗೆ ಆಗದು. ಅಡಿಕೆ ಮರದ ದಬ್ಬೆ ಸೀಳಿ, ಬಣ್ಣದ ಹಾಳೆ ಅಂಟಿಸಿ ನಾನೇ ಕಟ್ಟುತ್ತೇನೆ. ಗೋದಲಿಯೂ ಅಷ್ಟೇ. ಯೇಸು ಹುಟ್ಟಿದ ದನದ ಕೊಟ್ಟಿಗೆಯನ್ನು ನನ್ನ ಪಡಸಾಲೆಯ ಮೂಲೆಯಲ್ಲಿ ಅಡಿಕೆ ಹಾಳೆಯ ಚಾವಣಿ ಹೊದಿಸಿ ನಿಲ್ಲಿಸುತ್ತೇನೆ. ತಟ್ಟೆಯಲ್ಲಿ ರಾಗಿ ಮೊಳಕೆ ಹಾಕಿ ಹುಲ್ಲು ಬೆಳೆಸುತ್ತೇನೆ. ದನಗಳು ಮಾತ್ರ ಮಣ್ಣೆತ್ತಿನ ಅಮಾವಾಸ್ಯೆಯಂದು ಓಣಿಯವರು ಕೊಟ್ಟವು. ಮರಿಯಮ್ಮ, ಜೋಸೆಫಪ್ಪ, ಕುರುಬರು ಎಲ್ಲ ಗೇಣುದ್ದದ ಬೊಂಬೆಗಳು. ಬಾಲಯೇಸು ಒಬ್ಬನೇ ನಿಜವಾದ ಎಳೆಗೂಸಿನಷ್ಟು ದೊಡ್ಡವನು. ನಮ್ಮಪ್ಪ ಅಳತೆ ನೋಡದೆ ತಂದ ಬೊಂಬೆ. ಮಗ ತಾಯಿಗಿಂತ ದೊಡ್ಡವನಾದರೇನು, ದೇವರಲ್ಲವೇ ಎಂದು ನಾವು ಸುಮ್ಮನಾದೆವು. ಪ್ರತಿ ವರ್ಷ ಅವನ ತಲೆಗೆ ಒಂದು ಹೊಸ ಕುಲಾವಿ. ಕಿವಿ ಮುಚ್ಚುವ, ಗಲ್ಲದ ಕೆಳಗೆ ದಾರ ಕಟ್ಟುವ, ನಮ್ಮ ಕಡೆ ಎಲ್ಲ ಎಳೆಮಕ್ಕಳಿಗೂ ಹಾಕುವ ಬಟ್ಟೆ ಟೋಪಿ. ಹಬ್ಬದ ಹಿಂದಿನ ರಾತ್ರಿಯೇ ಅವನನ್ನು ಹುಲ್ಲಿನ ಮೇಲೆ ಮಲಗಿಸುವುದು. ಅಲ್ಲಿಯವರೆಗೆ ಆ ಜಾಗ ಖಾಲಿ ಇರುತ್ತದೆ.

ಎದುರುಮನೆಯ ಹೇಮಾವತಿ ಈ ಓಣಿಗೆ ಹೊಸ ಸೊಸೆಯಾಗಿ ಬಂದ ವರ್ಷ ಗೋದಲಿ ನೋಡಲು ಬಂದಿದ್ದಳು. “ಯಾವ ಊರಿನ ಮಾರಿಯಮ್ಮ ರೀ ಇವರು?” ಎಂದು ಕೇಳಿದಳು. ಮಾರಿಯಮ್ಮ ಅಲ್ಲ, ಮರಿಯಮ್ಮ, ನಮ್ಮ ಯೇಸುವಿನ ತಾಯಿ ಎಂದೆ. ಅವಳು ಬೊಂಬೆಯ ಹತ್ತಿರ ಬಗ್ಗಿ ನೋಡಿದಳು.

“ಹೆತ್ತು ಎಷ್ಟು ದಿನ ಆತು ಇವರಿಗೆ?”

“ನಿನ್ನೆ ರಾತ್ರಿ.”

“ನಿನ್ನೆ ಹೆತ್ತೋರು ಈ ಚಳಿಯಾಗೆ ಮೊಣಕಾಲೂರಿ ಕುಂತಾರಲ್ರೀ! ತಲೆಗೆ ಬಟ್ಟೆ ಐತೆ ಸರಿ, ಕಿವಿಗೆ ಹತ್ತಿ ಎಲ್ಲಿ? ಮುಂದೆ ನೋಡಿದ್ರೆ ಚಕ್ಕುಲಿ ಇಟ್ಟೀರಿ. ಬಾಣಂತಿ ಕರಿದಿದ್ದು ತಿಂದ್ರೆ ಕೂಸಿಗೆ ಹೊಟ್ಟೆನೋವು ಬರಲ್ವಾ?”

ನಾನು ನಕ್ಕೆ. ಅವಳು ನಗಲಿಲ್ಲ. ಮರುದಿನ ಸ್ಟೀಲ್ ಡಬ್ಬಿಯಲ್ಲಿ ಅಂಟಿನುಂಡೆ ಕಟ್ಟಿಕೊಂಡು ಬಂದಳು. ಅಂಟನ್ನು ತುಪ್ಪದಲ್ಲಿ ಅರಳಿಸಿ, ಕೊಬ್ಬರಿ, ಉತ್ತತ್ತಿ, ಬಾದಾಮಿ, ಗಸಗಸೆ ಸೇರಿಸಿ, ಬೆಲ್ಲದ ಪಾಕದಲ್ಲಿ ಕಟ್ಟಿದ ಬಾಣಂತಿಯ ಉಂಡೆ. ಅಲ್ಲಿಂದ ಮುಂದೆ ಒಂದು ವರ್ಷವೂ ತಪ್ಪಲಿಲ್ಲ. ನಮ್ಮ ಫಾದರ್ ಕೂಡ ಹಬ್ಬದ ದಿನ ನನ್ನ ಮನೆಗೆ ಬಂದರೆ ಕೇಕು ಮುಟ್ಟದೆ “ಮರಿಯಮ್ಮನ ಉಂಡೆ ಕೊಡಿ” ಎನ್ನುತ್ತಾರೆ. ನಾನು ಅಷ್ಟು ಕಷ್ಟಪಟ್ಟು ಕರಿದ ಗುಲಾಬಿ ಹೂವು ತಟ್ಟೆಯಲ್ಲೇ ಇರುತ್ತದೆ. ನನಗೆ ಹೊಟ್ಟೆಕಿಚ್ಚಾಗುತ್ತದೆ, ಸುಳ್ಳು ಯಾಕೆ ಹೇಳಲಿ.

ಹೇಮಾವತಿಗೆ ಒಬ್ಬಳೇ ಮಗಳು, ಸಂಧ್ಯಾರಾಣಿ. ಬಟ್ಟೆ ಚೂರು ಆರಿಸುತ್ತ ನನ್ನ ಮಿಷನ್ನಿನ ಕೆಳಗೇ ಬೆಳೆದ ಹುಡುಗಿ. ನನ್ನನ್ನು ದೊಡ್ಡಮ್ಮ ಎನ್ನುತ್ತಾಳೆ. ಜಗಳೂರಿನ ರೇಣುಕಪ್ರಸಾದನಿಗೆ ಕೊಟ್ಟು ಮದುವೆ ಮಾಡಿದರು. ಅವನದು ಬೀಜ, ಗೊಬ್ಬರದ ಅಂಗಡಿ. ಈ ವರ್ಷ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ದಿನಾ ಸಂಜೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನನ್ನ ಹೊಸ್ತಿಲ ಮೇಲೆ ಕೂತು “ದೊಡ್ಡಮ್ಮ, ಇವತ್ತು ಒದೀತಾ ಐತೆ” ಎಂದು ವರದಿ ಒಪ್ಪಿಸುತ್ತಿದ್ದಳು.

ನವೆಂಬರ್ ಕೊನೆಯಲ್ಲಿ, ದಿನ ತುಂಬುವ ಮೊದಲೇ, ಅವಳ ಬಿ.ಪಿ. ಏರಿತು. ರಾತ್ರೋರಾತ್ರಿ ದಾವಣಗೆರೆಗೆ ಕರೆದುಕೊಂಡು ಹೋದರು. ಬೆಳಗಾಗುವಷ್ಟರಲ್ಲಿ ಆಪರೇಷನ್ ಆಗಿ ಹೆಣ್ಣು ಕೂಸು ಹುಟ್ಟಿದೆ, ಆದರೆ ಉಸಿರಾಟ ಸರಿಯಿಲ್ಲ ಎಂದು ಫೋನು ಬಂತು. ನಾನು ಮೊದಲ ಬಸ್ಸಿಗೆ ಓಡಿದೆ. ಬರಿಗೈಯಲ್ಲಿ ಹೋಗುವುದು ಹೇಗೆ? ಹುಟ್ಟುವ ಮೊದಲು ಕೂಸಿಗೆಂದು ಒಂದು ಚೂರು ಬಟ್ಟೆಯನ್ನೂ ಹೊಲಿಯಬಾರದು ಎಂದು ನಮ್ಮ ಕಡೆಯ ಕಟ್ಟಳೆ. ಹೇಮಾವತಿಯೂ ಹೊಲಿಸಿರಲಿಲ್ಲ, ನಾನೂ ಹೊಲಿದಿರಲಿಲ್ಲ. ಮನೆಯಲ್ಲಿ ಸಿದ್ಧವಿದ್ದದ್ದು ಬಾಲಯೇಸುವಿನ ಕುಲಾವಿ ಒಂದೇ. ಡಿಸೆಂಬರಿನಲ್ಲಿ ರವಿಕೆಗಳ ಕೆಲಸ ಮೈಮೇಲೆ ಬೀಳುತ್ತದೆಂದು ಅದನ್ನು ಮೊದಲೇ ಹೊಲಿದಿಟ್ಟುಕೊಂಡಿದ್ದೆ. ಹಸಿರು ಮಕಮಲ್ಲು, ಅಂಚಿಗೆ ಬಿಳಿ ಲೇಸು. ಅದನ್ನೇ ಚೀಲಕ್ಕೆ ಹಾಕಿಕೊಂಡೆ. ದೇವರಿಗೆ ಬೇರೆ ಹೊಲಿದರಾಯಿತು ಎಂದುಕೊಂಡೆ.

ನಾನು ಆಸ್ಪತ್ರೆ ಮುಟ್ಟಿದಾಗ ಕೂಸು ಗಾಜಿನ ಪೆಟ್ಟಿಗೆಯಲ್ಲಿತ್ತು. ಎದೆಯ ಗುಂಡಿ ಏರಿ ಏರಿ ಇಳಿಯುತ್ತಿತ್ತು. ಡಾಕ್ಟರು ಬಂದು, ಶ್ವಾಸಕೋಶ ಬೆಳೆದಿಲ್ಲ, ನಾವು ಮಾಡುವುದೆಲ್ಲ ಮಾಡಿದೆವು, ಇನ್ನು ಎತ್ತಿಕೊಳ್ಳುವುದಾದರೆ ಎತ್ತಿಕೊಳ್ಳಿ ಎಂದರು. ಒಳ್ಳೆಯ ಮನುಷ್ಯ. ಪೆಟ್ಟಿಗೆಯಿಂದ ಕೂಸನ್ನು ತಾವೇ ಎತ್ತಿ ಕೊಟ್ಟರು. ಹೇಮಾವತಿ ನೆಲದ ಮೇಲೆ ಗೋಡೆಗೆ ಒರಗಿ ಕೂತು ಮೊಮ್ಮಗಳನ್ನು ಮಡಿಲಿಗೆ ಹಾಕಿಕೊಂಡಳು. ನಾನು ಕುಲಾವಿ ಕೊಟ್ಟೆ. ಅವಳು ಅದನ್ನು ಹಾಕುವ ಮೊದಲು ಚೀಲದಿಂದ ಹರಳೆಣ್ಣೆಯ ಸೀಸೆ ತೆಗೆದು, ಎರಡು ಬೆರಳು ಅದ್ದಿ, ಕೂಸಿನ ನೆತ್ತಿಯ ಮೇಲೆ ಒತ್ತಿದಳು.

“ಈಗ್ಯಾಕೆ ಹೇಮಾ?” ಎಂದೆ.

“ಇನ್ನೂ ಐತಲ್ಲಕ್ಕ. ಇರೋ ತನಕ ನೆತ್ತಿ ಆರಬಾರದು” ಎಂದಳು.

ಸ್ವಲ್ಪ ಹೊತ್ತಾದ ಮೇಲೆ ನರ್ಸಮ್ಮ ಬಂದು, ತಾಯಿಗೆ ಅರೆಬರೆ ಎಚ್ಚರವಾಗುತ್ತಿದೆ, ಕೂಸನ್ನು ಪಕ್ಕದಲ್ಲಿ ಮಲಗಿಸೋಣವೇ ಎಂದು ಕೇಳಿದಳು. ವಾರ್ಡು ಬಾಗಿಲಾಚೆಗೇ ಇತ್ತು. ರೇಣುಕಪ್ರಸಾದ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದ. ಅವನ ತಾಯಿ, ಜಗಳೂರಿನ ಬೀಗಿತ್ತಿ, “ಬ್ಯಾಡ, ಕಂಡ್ರೆ ಮನಸ್ಸು ಹತ್ತುತ್ತೆ. ಆಮೇಲೆ ಮರಿಯಾಕೆ ಆಗಂಗಿಲ್ಲ” ಎಂದರು. ಹೇಮಾವತಿ ತಲೆಯಾಡಿಸಿದಳು. “ಬ್ಯಾಡ್ರಿ, ಅವಳು ಮಲಗಿರ್ಲಿ ಬಿಡ್ರಿ” ಎಂದಳು ನರ್ಸಮ್ಮನಿಗೆ.

ನನಗೆ ತಡೆಯಲಾಗಲಿಲ್ಲ. “ಹೇಮಾ, ಒಂದೇ ಒಂದು ಸಲ ತೋರಿಸೋಣ. ಅವಳ ಕೂಸು ಅದು” ಎಂದೆ.

ಹೇಮಾವತಿ ನನ್ನತ್ತ ತಿರುಗಿದಳು. “ಹೆತ್ತೋಳಾ ನೀನು? ಹೆತ್ತಿದ್ರೆ ಗೊತ್ತಾಗ್ತಿತ್ತು” ಎಂದಳು.

ಇಷ್ಟು ವರ್ಷ ಓಣಿಯವರು ಯಾರ್ಯಾರೋ ಏನೇನೋ ಅಂದಿದ್ದಾರೆ, ಅವರ ರವಿಕೆ ತಡ ಮಾಡಿ ಮನಸ್ಸು ಹಗುರ ಮಾಡಿಕೊಂಡಿದ್ದೇನೆ. ಈ ಮಾತಿಗೆ ಮಾಡುವುದೇನಿತ್ತು? ಮಧ್ಯಾಹ್ನ ಊಟದ ಹೊತ್ತಿಗೆ ಕೂಸು ಹೋಯಿತು. ಬಿಳಿ ಬಟ್ಟೆ ಸುತ್ತುವಾಗ ನರ್ಸಮ್ಮ ಕುಲಾವಿ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಗಂಡಸರು ಅಲ್ಲಿಂದಲೇ ಮಣ್ಣಿಗೆ ಒಯ್ದರು.

ಸಂಧ್ಯಾ ಪೂರ್ತಿ ಎಚ್ಚರಗೊಂಡು ಕೂಸೆಲ್ಲಿ ಎಂದು ಕೇಳಿದಾಗ ಹೇಮಾವತಿ ಹೇಳಿದ್ದು ಇಷ್ಟೇ: “ಹೊಟ್ಟೆಯಾಗೇ ಹೋಗಿತ್ತಮ್ಮ. ಹುಟ್ಟಿದಾಗ ಜೀವ ಇರಲಿಲ್ಲ.” ಬೀಗಿತ್ತಿ ಹೌದೆಂದರು. ರೇಣುಕಪ್ರಸಾದ ಹೌದೆಂದ. ಹೊರಗೆ ಬಂದು ಹೇಮಾವತಿ ನನ್ನ ಕೈ ಹಿಡಿದು “ನೀನು ಬಾಯಿ ಬಿಟ್ರೆ ನನ್ನ ಹೆಣ ನೋಡ್ತೀಯ” ಎಂದು ಆಣೆ ಹಾಕಿಸಿಕೊಂಡಳು. ಮಗಳನ್ನು ಉಳಿಸಿಕೊಳ್ಳಬೇಕೆಂಬ ಆಸೆಯಲ್ಲೇ ಹಾಗೆ ಮಾಡಿದಳು, ನನಗೆ ಗೊತ್ತು. ಗೊತ್ತಿದ್ದೂ ಸಿಟ್ಟು ಬರುತ್ತದೆ. ಅವತ್ತಿನಿಂದ ಅವಳು ನನ್ನ ಮನೆಯ ಹೊಸ್ತಿಲು ದಾಟಲಿಲ್ಲ, ನಾನೂ ಕರೆಯಲಿಲ್ಲ.

ಕುಲಾವಿಯನ್ನು ಎಸೆಯಲು ಕೈ ಬರಲಿಲ್ಲ. ತೊಳೆಯಲೂ ಬರಲಿಲ್ಲ. ಮಿಷನ್ನಿನ ಬಲಗಡೆ ಡ್ರಾಯರಿನಲ್ಲಿ ಹಾಕಿ ಮುಚ್ಚಿದೆ. ಬೇಕೆಂದೇ ಅಲ್ಲಿಟ್ಟಿದ್ದೆಯಾ ಎಂದು ಹೇಮಾವತಿ ಆಮೇಲೆ ಒಂದು ದಿನ ಕೇಳಿದಳು. ಇಲ್ಲ. ಖಾಲಿಯಿದ್ದು ಮುಚ್ಚಿಡಲು ಬರುವ ಜಾಗ ಅದೊಂದೇ ಇತ್ತು.

ಸಂಧ್ಯಾ ಊರಿಗೆ ಬಂದಳು. ಹೇಮಾವತಿ ನೀರು ಕಾಯಿಸಿದಳು, ಕಾಳುಮೆಣಸಿನ ಸಾರು ಮಾಡಿದಳು, ಸಾಂಬ್ರಾಣಿ ಹೊಗೆ ಹಾಕಲು ಕೂತಳು. ಹುಡುಗಿ ಯಾವುದಕ್ಕೂ ಒಪ್ಪಲಿಲ್ಲ. “ಕೂಸು ಹುಟ್ಟಿದ್ರೆ ತಾನೆ ಬಾಣಂತನ? ನಾನು ಹೆತ್ತೇ ಇಲ್ಲ. ಸತ್ತಿದ್ದನ್ನ ತೆಗೆದು ಹಾಕಿದ್ರು, ಅಷ್ಟೇ” ಎನ್ನುತ್ತಿದ್ದಳಂತೆ. ಹಾಲು ಕಟ್ಟಿ ಎದೆ ಕಲ್ಲಾಗಿ ಜ್ವರ ಬಂದರೂ ಹಾಗೇ ಎನ್ನುತ್ತಿದ್ದಳಂತೆ. ಓಣಿಯ ಹೆಂಗಸರಿಗೆ ಸಮಾಧಾನ ಹೇಳುವುದು ಒಂದು ಚಾಳಿ. ಹುಟ್ಟೇ ಇಲ್ಲದ್ದಕ್ಕೆ ಯಾಕಮ್ಮ ದುಃಖ, ಇನ್ನೊಂದಾಗುತ್ತೆ ಬಿಡು ಎಂದು ಬಂದುಬಂದು ಹೇಳಿ ಹೋದರು. ಎದುರುಮನೆಯಿಂದ ಆ ಮಾತು ಕೇಳುವಾಗೆಲ್ಲ ನನ್ನ ಕಾಲು ಮಿಷನ್ನಿನ ಮೇಲೆ ನಿಂತುಬಿಡುತ್ತಿತ್ತು. ಆ ಕೂಸು ಬೆಳಗಿನಿಂದ ಮಧ್ಯಾಹ್ನದವರೆಗೆ ಹೋರಾಡಿದ್ದನ್ನು ನಾನು ಕಣ್ಣಾರೆ ಕಂಡವಳು. ಅದು ಹುಟ್ಟೇ ಇಲ್ಲ ಎನ್ನುವುದನ್ನು ದಿನಾ ಕೇಳಿಸಿಕೊಂಡು ಕೂರಬೇಕು ಎಂದರೆ ಇದೆಂಥ ಆಣೆ?

ಹಬ್ಬದ ಹಿಂದಿನ ದಿನ ಮಧ್ಯಾಹ್ನ ನಾನು ಗುಲಾಬಿ ಹೂವು ಕರಿಯುತ್ತಿದ್ದೆ. ಪಡಸಾಲೆಯ ಇನ್ನೊಂದು ಮೂಲೆಯಲ್ಲೇ ಒಲೆ ಇಟ್ಟುಕೊಂಡಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ತಿರುಗಿ ನೋಡಿದರೆ ಸಂಧ್ಯಾ. ಆಸ್ಪತ್ರೆಯಿಂದ ಬಂದ ಮೇಲೆ ಮನೆಯ ಹೊರಗೆ ಕಾಲಿಟ್ಟಿದ್ದು ಅದೇ ಮೊದಲು. ಮುಖ ಇಳಿದಿತ್ತು.

“ತಲೆಗೆ ಕಟ್ಕೊಳ್ದೆ ಬಂದೀಯಲ್ಲೇ! ಗಾಳಿ ಹೊಕ್ರೆ ಏನು ಮಾಡ್ತೀಯ?” ಎಂದೆ.

“ಗಾಳಿ ಹೊಗೋದು ಬಾಣಂತಿಗೆ ದೊಡ್ಡಮ್ಮ.”

ಗೋದಲಿಯ ಮುಂದೆ ಕೂತಳು. ರಾಗಿಯ ಪೈರನ್ನು ಬೆರಳಿನಿಂದ ಸವರಿದಳು. ಮಧ್ಯದ ಖಾಲಿ ಜಾಗವನ್ನೇ ನೋಡುತ್ತಿದ್ದಳು.

“ಇನ್ನೂ ಬಂದಿಲ್ಲ ಇವರ ಕೂಸು.”

“ರಾತ್ರಿ ಮಲಗಿಸೋದು, ನಿಂಗೆ ಗೊತ್ತಲ್ಲ.”

“ಇವರಿಗೆ ಗ್ಯಾರಂಟಿ ಐತೆ ನೋಡು. ಪ್ರತಿ ವರ್ಷ ಬಂದೇ ಬರುತ್ತೆ.”

ನಾನು ಅಚ್ಚನ್ನು ಹಿಟ್ಟಿಗೆ ಅದ್ದಿದೆ. ಅವಳು ಬೊಂಬೆಯ ಪೆಟ್ಟಿಗೆ ತೆರೆದು ನೋಡಿ, “ಈ ಸಲದ ಕುಲಾವಿ ಎಲ್ಲಿ?” ಎಂದಳು.

“ಹೊಲಿದಿಲ್ಲ.”

“ಯಾಕೆ?”

“ಆಗ್ಲಿಲ್ಲ. ಹಳೇದೇ ಹಾಕಿದ್ರಾತು.”

“ನಾನು ಹೊಲೀತೀನಿ. ಎಷ್ಟೊತ್ತಿನ ಕೆಲಸ?”

“ಬ್ಯಾಡ ಸಂಧ್ಯಾ, ಬಿಡು.”

ಅವಳ ಮುಖ ಕಪ್ಪಿಟ್ಟಿತು. “ಯಾಕೆ? ಕೂಸು ಕಳ್ಕೊಂಡೋಳ ಕೈ ಸೋಕಬಾರದಾ ನಿಮ್ಮ ದೇವರಿಗೆ?”

ಇದನ್ನು ಕೇಳಿದ ಮೇಲೆ ಬೇಡ ಎನ್ನುವುದು ಹೇಗೆ? “ಛೀ, ಹುಚ್ಚಿ. ಹೊಲಿ. ಎಡಗಡೆ ಡ್ರಾಯರಿನಾಗೆ ಲೇಸು ಐತೆ” ಎಂದೆ. ನನ್ನ ಕೈ ಹಿಟ್ಟಾಗಿತ್ತು, ಎಣ್ಣೆ ಕಾದಿತ್ತು. ನಾನು ಎಡಗಡೆ ಅಂದದ್ದು ಹೊಲಿಯಲು ಕೂತವಳ ಎಡಗಡೆ. ಅವಳು ಎದ್ದು ಹೋಗಿ ಮಿಷನ್ನಿನ ಎದುರಿಗೆ, ಆಚೆ ಬದಿಯಲ್ಲಿ ನಿಂತಿದ್ದಳು. ಅಲ್ಲಿಂದ ಎಡಗಡೆ ಎಂದರೆ ಕೂತವಳ ಬಲಗಡೆ. ಡ್ರಾಯರಿನ ಸದ್ದು ಕೇಳಿದ ಮೇಲೆ ನನಗೆ ಹೊಳೆಯಿತು.

“ಇಲ್ಲೇ ಐತಲ್ಲ ದೊಡ್ಡಮ್ಮ!” ಎಂದಳು. “ಹೊಲಿದಿಟ್ಟು ಮರೆತೀಯ. ವಯಸ್ಸಾತು ನಿಂಗೆ.” ಅಷ್ಟು ದಿನಗಳ ಮೇಲೆ ಅವಳ ದನಿಯಲ್ಲಿ ಒಂದಿಷ್ಟು ನಗು ಕೇಳಿಸಿತು.

ಆಮೇಲೆ ಕುಲಾವಿಯನ್ನು ತಿರುಗಿಸಿದಳು. ಒಳಗಡೆ ನೆತ್ತಿಯ ಜಾಗದಲ್ಲಿ ಎಣ್ಣೆಯ ಕಲೆ ಇತ್ತು.

“ಏನಿದು ಜಿಡ್ಡು?”

“ಮಿಷನ್ ಎಣ್ಣೆ” ಎಂದೆ.

ಮೂಗಿನ ಹತ್ತಿರ ಹಿಡಿದಳು. “ಮಿಷನ್ ಎಣ್ಣೆ ವಾಸನೆ ನಂಗೆ ಗೊತ್ತಿಲ್ವಾ? ಇದರ ಕೆಳಗೇ ಬೆಳೆದೋಳು ನಾನು. ಇದು ಹರಳೆಣ್ಣೆ.” ಮತ್ತೆ ಮೂಸಿದಳು. “ಬೊಂಬೆಗೆ ಹರಳೆಣ್ಣೆ ಹಾಕಿದ್ಯಾ?”

ನನ್ನ ಮೇಲೆ ಆಣೆ ಇತ್ತು. ಅವಳು ಕುಲಾವಿಯನ್ನು ಬೆಳಕಿಗೆ ಹಿಡಿದು, ಮಕಮಲ್ಲಿಗೆ ಅಂಟಿದ್ದ ಒಂದು ಎಳೆಯನ್ನು ಉಗುರಿನಿಂದ ಬಿಡಿಸಿದಳು. ಕಪ್ಪು ಕೂದಲು, ಎಷ್ಟು ಸಣ್ಣದೆಂದರೆ ಬೆರಳಿನ ಮೇಲೆ ಇಟ್ಟುಕೊಂಡಾಗ ಮಾತ್ರ ಕಾಣಿಸಿತು.

ಎಣ್ಣೆಯಲ್ಲಿ ನನ್ನ ಹೂವು ಕರಕಾಗಿ ಹೊಗೆ ಎದ್ದಿತು.

“ನನ್ನ ಕೂಸಿಂದು” ಎಂದಳು. ಕೇಳುವ ದನಿಯಲ್ಲ ಅದು. “ದೊಡ್ಡಮ್ಮ, ಸತ್ತು ಹುಟ್ಟಿದ ಕೂಸಿನ ನೆತ್ತಿಗೆ ಯಾರಾದ್ರೂ ಎಣ್ಣೆ ಹಾಕ್ತಾರಾ?”

ಯಾರೂ ಹಾಕುವುದಿಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಷ್ಟೊಂದು ಜನ ಸೇರಿ ಕಟ್ಟಿದ ಸುಳ್ಳು, ಹೇಮಾವತಿಯ ಎರಡು ಬೆರಳಿನ ಎಣ್ಣೆಯಿಂದ ಬಯಲಾಯಿತು.

ಆಗಲೇ ಹೊಸ್ತಿಲಲ್ಲಿ ಹೇಮಾವತಿ ಕಾಣಿಸಿದಳು. ಎದ್ದು ನೋಡಿದರೆ ಮಗಳಿಲ್ಲವೆಂದು ಓಡಿ ಬಂದಿದ್ದಳು, ಸೆರಗು ಸರಿಯಿರಲಿಲ್ಲ. ಆ ಗಡಿಬಿಡಿಯಲ್ಲೂ ಕಂಕುಳಲ್ಲಿ ಸ್ಟೀಲ್ ಡಬ್ಬಿಯಿತ್ತು. ನನ್ನ ಜೊತೆ ಮಾತು ಬಿಟ್ಟರೂ ಮರಿಯಮ್ಮನ ಉಂಡೆ ಬಿಟ್ಟಿರಲಿಲ್ಲ ಆ ಹಟಮಾರಿ. ಮಗಳ ಕೈಯಲ್ಲಿ ಹಸಿರು ಕುಲಾವಿ ನೋಡಿದವಳು ಅಲ್ಲೇ ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ಅಮ್ಮ, ಕೂಸಿಗೆ ಜೀವ ಇತ್ತಾ?” ಎಂದು ಕೇಳಿದಳು ಸಂಧ್ಯಾ.

ಹೇಮಾವತಿ ನನ್ನನ್ನು ನೋಡಿದಳು. ನಾನು ಇಲ್ಲವೆಂದು ತಲೆಯಾಡಿಸಿದೆ, ನಾನು ಹೇಳಿಲ್ಲ ಎಂದು.

“ದೊಡ್ಡಮ್ಮನ್ನ ನೋಡಬ್ಯಾಡ. ನಿನ್ನ ಕೇಳ್ತಾ ಇದೀನಿ. ಇತ್ತಾ?”

“ಇತ್ತು” ಎಂದಳು ಹೇಮಾವತಿ.

ಡಬ್ಬಿಯನ್ನು ಕೆಳಗಿಟ್ಟು ತಾನೂ ಹೊಸ್ತಿಲ ಒಳಗೆ ಕೂತಳು. ಸಂಧ್ಯಾ ಅಳುತ್ತಾಳೆ, ಕಿರುಚುತ್ತಾಳೆ ಎಂದು ನಾನು ಕಾದೆ. ಅವಳು ಬಂದು ತಾಯಿಯ ಎದುರಿಗೆ ನೆಲದ ಮೇಲೆ ಕೂತಳು, ಬಹಳ ನಿಧಾನವಾಗಿ, ಹೊಟ್ಟೆಯ ಹೊಲಿಗೆ ಹಿಡಿದುಕೊಂಡು.

“ಎಷ್ಟೊತ್ತು?”

“ಬೆಳಗ್ಗೆಯಿಂದ ಉಣ್ಣೋ ಹೊತ್ತಿನ ತನಕ.”

“ಅತ್ಲಾ?”

“ಹುಟ್ಟಿದಾಗ ಒಂದು ಸಲ ಅತ್ಲಂತೆ. ಆಮೇಲೆ ನರಳ್ತಿದ್ಲು. ಬೆಕ್ಕಿನಮರಿ ಹಂಗೆ.”

“ಯಾರ ಹಂಗಿದ್ಲು?”

“ನಿನ್ನ ಹಂಗೇ. ನೀನು ಹುಟ್ಟಿದಾಗ ಇದ್ಯಲ್ಲ, ಹಂಗೇ. ತಲೆ ತುಂಬ ಕೂದಲು. ಕಿವಿ ಮಾತ್ರ ಜಗಳೂರೋರದು.”

“ನಿನ್ನ ಮಡಿಲಾಗಿದ್ಲಾ?”

“ಹೂಂ. ಕೆಳಗೆ ಇಳಿಸ್ಲೇ ಇಲ್ಲ ನಾನು. ಕೇಳು ನಿಮ್ಮ ದೊಡ್ಡಮ್ಮನ್ನ, ಒಂದು ಗಳಿಗೆ ಇಳಿಸಿದ್ನಾ ಅಂತ.”

“ಹೆಂಗೆ ಹಿಡ್ಕೊಂಡಿದ್ದೆ? ತೋರ್ಸು.”

ಹೇಮಾವತಿ ಎಡಗೈ ಮಡಿಸಿ ಎದೆಗೆ ಒತ್ತಿಕೊಂಡು ತೋರಿಸಿದಳು. ಬಲಗೈ ಮೇಲಿಂದ ಮುಚ್ಚಿತು. ಮಗಳು ಆ ಬರಿಗೈಯನ್ನೇ ನೋಡುತ್ತ ಕೂತಳು. ನಾನು ಮುಖ ತಿರುಗಿಸಿಕೊಂಡೆ. ಅದನ್ನು ನೋಡುವ ಧೈರ್ಯ ನನಗಿರಲಿಲ್ಲ.

“ನಾನೆಲ್ಲಿದ್ದೆ ಅವಾಗ?”

“ಆಚೆ ವಾರ್ಡಿನಾಗೆ.”

“ಎಚ್ಚರ ಇರಲಿಲ್ವಾ ನಂಗೆ?”

ಹೇಮಾವತಿ ಇಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಇನ್ನೊಂದು ಸುಳ್ಳು ಹೇಳಿಬಿಡು ಹೇಮಾ ಎಂದು ನಾನೇ, ಅಷ್ಟು ದಿನ ಆ ಸುಳ್ಳಿಗೆ ಕುದಿದವಳು ನಾನೇ, ಒಳಗೊಳಗೆ ಬೇಡಿಕೊಂಡೆ. ಅವಳು ಹೇಳಲಿಲ್ಲ.

“ಕಣ್ಣು ಬಿಡ್ತಿದ್ದೆ, ಮುಚ್ತಿದ್ದೆ. ನರ್ಸಮ್ಮ ಬಂದು ಮಲಗಿಸೋಣ್ವಾ ಅಂದ್ಲು. ನಾನೇ ಬ್ಯಾಡ ಅಂದೆ ಕಣಮ್ಮ. ಒಂದು ಸಲ ಮುಖ ಕಂಡ್ರೆ ನೀನು ಉಳಿಯಲ್ಲ ಅನ್ನಿಸ್ತು. ಮರಿಯಾಕೆ ಆಗಲ್ಲ ಅಂತ...”

“ಕಾಣ್ದಿದ್ದಕ್ಕೆ ಮರೆತ್ನಾ?”

ಸಂಧ್ಯಾ ಕುಲಾವಿಯ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳು.

“ಕಣ್ಣು ಬಿಟ್ಟಿದ್ಲಾ ಅವಳು?”

“ಬಿಟ್ಟಿದ್ಲು. ಬಿಟ್ಟು ಹಿಂಗೆ ಹಿಂಗೆ ನೋಡ್ತಿದ್ಲು. ಎಲ್ಲಾರನ್ನೂ ನೋಡಿದ್ಲು.”

ಹೇಮಾವತಿ ಅದನ್ನು ಸಮಾಧಾನಕ್ಕೆಂದು ಹೇಳಿದಳು, ಪಾಪ. ಹೇಳಿದ ಮೇಲೆ ಅವಳಿಗೇ ಗೊತ್ತಾಯಿತು, ಬಾಯಿಗೆ ಸೆರಗು ಒತ್ತಿಕೊಂಡಳು.

“ಎಲ್ಲಾರನ್ನೂ ನೋಡಿದ್ಲು” ಎಂದಳು ಸಂಧ್ಯಾ. “ನಿನ್ನ ನೋಡಿದ್ಲು, ನಮ್ಮತ್ತೇನ ನೋಡಿದ್ಲು, ದೊಡ್ಡಮ್ಮನ್ನ ನೋಡಿದ್ಲು, ನರ್ಸನ್ನೂ ನೋಡಿದ್ಲು. ನನ್ನನ್ನ ನೋಡ್ಲಿಲ್ಲ. ಇಷ್ಟು ಜನದಾಗೆ ಅಮ್ಮ ಯಾರು ಅಂತ ಹುಡುಕಿರ್ತಾಳೆ.” ಅವಳ ದನಿ ಅಲ್ಲಿಯವರೆಗೆ ಒಡೆದಿರಲಿಲ್ಲ, ಆಗ ಒಡೆಯಿತು. “ಎಬ್ಬಿಸಬೇಕಿತ್ತಮ್ಮ. ಹೆಂಗಾದ್ರೂ ಮಾಡಿ ಎಬ್ಬಿಸಬೇಕಿತ್ತು.”

ಹೇಮಾವತಿ ಮಗಳ ತಲೆಯ ಮೇಲೆ ಕೈಯಿಡಲು ಮುಂದೆ ಬಾಗಿದಳು. ಸಂಧ್ಯಾ ಹಿಂದಕ್ಕೆ ಸರಿದಳು. ನಾನು ಒಲೆ ಆರಿಸಿ ಅವರಿಬ್ಬರ ನಡುವೆ ಹೋಗಿ ಕೂತೆ. ಡಬ್ಬಿ ತೆರೆದು ಒಂದು ಉಂಡೆಯನ್ನು ಸಂಧ್ಯಾಳ ಕೈಗಿಟ್ಟು “ತಿನ್ನು, ಬಾಣಂತಿ ನೀನು” ಎಂದೆ.